ಪ್ರಮಾಣಕ್ಕೆ ಬಗ್ಗದ ಕಾಯಿಲೆ

2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಿದ್ದಾಗ ರಾಜ್ಯದ ಬಾರ್, ವೈನ್ ಸ್ಟೋರ್, ಎಂಎಸ್‌ಐಎಲ್ ಅಂಗಡಿಗಳೆಲ್ಲ ಒಂದೇ ಏಟಿಗೆ ಬಾಗಿಲು ಹಾಕಿದವು. ಮೇ 4ರಂದು ಮತ್ತೆ ತೆರೆಯುವವರೆಗೆ ಸುಮಾರು 40 ದಿನ ಕರ್ನಾಟಕ ಕಾನೂನಿನ ಲೆಕ್ಕದಲ್ಲಿ ಪಾನಮುಕ್ತ ರಾಜ್ಯವಾಗಿತ್ತು. ಯಾವ ಸರ್ಕಾರವೂ ಬೇಕೆಂದು ಮಾಡಲಾರದ ಪ್ರಯೋಗವೊಂದು ತಾನಾಗಿ ನಡೆದುಹೋಯಿತು. ಆ ದಿನಗಳಲ್ಲಿ ಆದದ್ದೇನು? ಕುಡಿಯುವವರಲ್ಲಿ ಹೆಚ್ಚಿನವರು ಗೊಣಗಿಕೊಂಡು ಸುಮ್ಮನಾದರು. ಹಬ್ಬಕ್ಕೋ ಶನಿವಾರಕ್ಕೋ ಕುಡಿಯುತ್ತಿದ್ದವರಿಗೆ ಅದೊಂದು ಬೇಸರ, ಅಷ್ಟೆ. ಆದರೆ ಇನ್ನೊಂದು ಗುಂಪು ಆಸ್ಪತ್ರೆಗಳಿಗೆ ಬಂತು. ಕೈ ನಡುಕ, ಬೆವರು, ಮೂರ್ಛೆ, ಇಲ್ಲದ ಹುಳು-ಹಾವುಗಳನ್ನು ಕಾಣುವ ಭ್ರಮೆ. ಮದ್ಯ ಹಠಾತ್ತನೆ ನಿಂತಾಗ ಬರುವ ಈ ತೀವ್ರ ಲಕ್ಷಣಗಳ ರೋಗಿಗಳು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ಹೆಚ್ಚಾದದ್ದನ್ನು ವೈದ್ಯರು ಅದೇ ವರ್ಷ ಸಂಶೋಧನಾ ಪತ್ರಿಕೆಯಲ್ಲಿ ದಾಖಲಿಸಿದರು. ಕೇರಳ ಸರ್ಕಾರ ಗಾಬರಿಬಿದ್ದು, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಬಹುದೆಂದು ಆದೇಶಿಸಿತು. ಅಲ್ಲಿನ ಹೈಕೋರ್ಟ್ ಅದನ್ನು ಕೂಡಲೇ ತಡೆಯಿತು. ನಮ್ಮಲ್ಲಿ ಅಂಗಡಿ ತೆರೆದ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ವ್ಯಾಪಾರವಾಯಿತು. ಟಿವಿಗಳು ಸರತಿ ಸಾಲುಗಳನ್ನು ತೋರಿಸಿ ನಗಿಸಿದವು. ಆಸ್ಪತ್ರೆಯ ಹಾಸಿಗೆಗಳು ಸುದ್ದಿಯಾದದ್ದು ಕಡಿಮೆ.

ಆ 40 ದಿನ ಕಲಿಸಿದ್ದು ಇಷ್ಟು: ಕುಡಿಯುವವರೆಲ್ಲ ಒಂದೇ ಅಲ್ಲ. ಒಂದು ಗುಂಪಿಗೆ ಕುಡಿತ ಅಭ್ಯಾಸ, ಇನ್ನೊಂದು ಗುಂಪಿಗೆ ಕಾಯಿಲೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಈ ಎರಡನ್ನೂ ಬೇರೆಬೇರೆ ಎಣಿಸಿತ್ತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತ ಹಾನಿಕರ ಮಟ್ಟ ಮುಟ್ಟಿದೆ, ಇಲ್ಲವೇ ಅವರು ಮದ್ಯಕ್ಕೆ ಪೂರ್ತಿ ಅಂಟಿಕೊಂಡಿದ್ದಾರೆ. ಹೀಗೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯವ್ಯಸನದಲ್ಲಿ ಚಿಕಿತ್ಸೆಯ ಕೊರತೆ ಶೇ 86ರಷ್ಟಿದೆ ಎಂದಿತ್ತು. ಇಷ್ಟು ದೊಡ್ಡ ಕಂದಕಕ್ಕೆ ಹಣದ ಅಭಾವವೊಂದೇ ಕಾರಣವಾಗಲಾರದು. ಕುಡಿತ ಬಿಡುವುದನ್ನು ನಾವು ಒಂದು ನಿರ್ಧಾರವೆಂದು ತಿಳಿದಿದ್ದೇವೆ. ಒಂದು ದಿನ, ಒಂದು ದೇವರ ಮುಂದೆ, ಒಂದು ಮಾತಿನಲ್ಲಿ ಮುಗಿಯುವ ಕೆಲಸವೆಂದು. ಅದು ವರ್ಷಗಟ್ಟಲೆ ನೋಡಿಕೊಳ್ಳಬೇಕಾದ, ಹೋಗಿಹೋಗಿ ಮರಳುವ ಕಾಯಿಲೆಯೆಂದು ಒಪ್ಪದಿರುವವರೆಗೆ ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಅದೇ ತಾಲ್ಲೂಕಿನ ಪಾಲಹಳ್ಳಿ ಸುತ್ತಿನ ಆರೋಗ್ಯ ಕೇಂದ್ರಗಳಲ್ಲಾಗಲಿ ಅದಕ್ಕೊಂದು ಕುರ್ಚಿ ಸಿಗುವುದು ಕಷ್ಟ.

ಸಕ್ಕರೆ ನಾಡಾದ ಮಂಡ್ಯಕ್ಕೂ ಮದ್ಯಕ್ಕೂ ಇರುವ ನಂಟು ಹಳೆಯದು. ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ ರೈತರ ಬೆಲ್ಲವನ್ನು ಸಂಸ್ಕರಿಸುತ್ತಿತ್ತು; ಮಂಡ್ಯದ ಮೈಷುಗರ್ ಬಂದದ್ದು ಅದಾಗಿ ಎಂಟು ದಶಕಕ್ಕೂ ಮೇಲೆ, 1933ರಲ್ಲಿ. ಪಾಂಡವಪುರದ ಸಹಕಾರಿ ಕಾರ್ಖಾನೆ, ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ ಆಮೇಲಿನವು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ನಮ್ಮ ದೇಶದ ವಿಸ್ಕಿ, ಬ್ರಾಂಡಿ, ರಮ್ಮುಗಳಲ್ಲಿ ಹಲವಕ್ಕೆ ಮೂಲ ಸರಕು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರಿನಲ್ಲಿ ಬೆಳೆದದ್ದು ಬೇರೊಂದು ರೂಪ ತಾಳಿ ಅದೇ ಊರಿನ ಅಂಗಡಿಗೆ ಕ್ವಾರ್ಟರ್ ಬಾಟಲಿಯಾಗಿ, ಟೆಟ್ರಾಪ್ಯಾಕಾಗಿ ವಾಪಸಾಗುತ್ತದೆ. ಬಾಡೂಟ, ತಿಥಿ, ಚುನಾವಣೆ ಯಾವುದೂ 'ಎಣ್ಣೆ' ಇಲ್ಲದಿದ್ದರೆ ನಡೆಯದು ಎಂಬ ಮಾತು ಈ ಸೀಮೆಯಲ್ಲಿ ತಮಾಷೆಯೂ ಹೌದು, ದೂರೂ ಹೌದು. ಜಿ.ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನನನ್ನು, ನೊದೆಕೊಪ್ಪಲಿನಲ್ಲಿ ಚಿತ್ರೀಕರಣವಾದ 'ತಿಥಿ' ಚಿತ್ರದ ಗಡ್ಡಪ್ಪನನ್ನು ಕನ್ನಡಿಗರು ಎದೆಗಪ್ಪಿಕೊಂಡಿದ್ದಾರೆ. ಹೆಂಡತಿಗೆ ಹೊಡೆಯುವ ಕುಡುಕನಂತೂ ನಮ್ಮ ಸಿನಿಮಾಗಳ ಸಿದ್ಧ ಪಾತ್ರ. ನಗಿಸುವವನು ಒಬ್ಬ, ರೇಗಿಸುವವನು ಇನ್ನೊಬ್ಬ. ಬೆಳಗ್ಗೆ ಎದ್ದು ಲೋಟ ಹಿಡಿಯಲಾರದಷ್ಟು ಕೈ ನಡುಗುವ, ಆ ನಡುಕ ನಿಲ್ಲಿಸಲೆಂದೇ ಮತ್ತೆ ಕುಡಿಯುವ ರೋಗಿ ಮಾತ್ರ ನಮ್ಮ ಕಥೆಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಆ ನಡುಕದ ಹಿಂದಿನ ದೇಹಧರ್ಮವನ್ನು ತಿಳಿದುಕೊಳ್ಳದೆ ಈ ಚರ್ಚೆ ಮುಂದೆ ಹೋಗದು. ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ರಾಸಾಯನಿಕಗಳೂ ಇವೆ, ಕೆರಳಿಸುವವೂ ಇವೆ. ಮದ್ಯ ಶಾಂತಗೊಳಿಸುವ ಕಡೆಗೆ ಜೋರು ಕೊಡುತ್ತದೆ. ವರ್ಷಾನುಗಟ್ಟಲೆ ದಿನವೂ ಕುಡಿದಾಗ ಮಿದುಳು ಅದಕ್ಕೆ ಹೊಂದಿಕೊಂಡು ಕೆರಳಿಸುವ ಕಡೆಯನ್ನು ಏರಿಸಿಕೊಳ್ಳುತ್ತದೆ. ಮದ್ಯ ಒಮ್ಮೆಗೇ ನಿಂತರೆ ಕೆರಳಿಕೆಗೆ ಎದುರು ಹಿಡಿಯುವವರೇ ಇಲ್ಲ. ಕೊನೆಯ ಗುಟುಕಿನಿಂದ ಆರೇಳು ಗಂಟೆಗೆ ನಡುಕ, ಮೊದಲ ಎರಡು ದಿನದೊಳಗೆ ಮೂರ್ಛೆ, ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ. ಈ ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳುವುದಕ್ಕೆ ವೈದ್ಯರ ಕಣ್ಣು ಬೇಕು. 'ಇವತ್ತಿಂದ ಮುಟ್ಟಲ್ಲ' ಎಂದು ಮಗುವಿನ ತಲೆ ಮುಟ್ಟಿ ಆಣೆ ಮಾಡಿದವನು ಮೂರನೇ ದಿನ ಕುಡಿದರೆ ಮನೆಯವರು ಅವನನ್ನು ಮಾತಿಗೆ ತಪ್ಪಿದವನೆನ್ನುತ್ತಾರೆ. ಅವನ ದೇಹದೊಳಗೆ ಆ ಮೂರು ದಿನ ಏನು ನಡೆಯಿತೆಂದು ಕೇಳುವವರು ಅಪರೂಪ. ಅರಿಯದೆ ಮಾಡುವ ಉಪಚಾರಗಳೂ ಕೆಡುಕು ತರುತ್ತವೆ. ನಡುಗುತ್ತಾ ಬಂದವನಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸುವುದು ವಾಡಿಕೆ. ಸರಿಯಾಗಿ ಉಣ್ಣದೆ ಕುಡಿದವರಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಉಳಿಯುವಂಥ ಹಾನಿಯಾಗುವ ಅಪಾಯವಿದೆ. ಇನ್ನು ಗೋಡೆಗಳ ಮೇಲೆ, ಬಸ್ಸುಗಳ ಹಿಂದೆ ಕಾಣುವ 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತುಗಳು. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜಕ್ಕೂ ಉಂಟು. ಅದು ದೇಹದಲ್ಲಿದ್ದಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಬೇಕಾದ ಮಾತ್ರೆಯದು. ಅಂಥದ್ದನ್ನು ಮುದ್ದೆಯಲ್ಲೋ ಸಾರಿನಲ್ಲೋ ಕದ್ದು ಕಲಸಿದರೆ ಅದು ವಿಷ ಹಾಕಿದ್ದಕ್ಕೆ ಬಹಳ ದೂರವಲ್ಲ.

ಇಲ್ಲಿ ಎದುರುವಾದವೊಂದು ಏಳುತ್ತದೆ, ಮತ್ತು ಅದು ಗಟ್ಟಿಯಾದದ್ದೇ. ಶಬರಿಮಲೆಗೆ ಮಾಲೆ ಹಾಕಿದವನು 41 ದಿನ ಮದ್ಯದ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ? ಇರುಮುಡಿ ಇಳಿಸಿದ ಮೇಲೆ ತಾನೇ ಮತ್ತೆ ಬಾರಿನ ಹಾದಿ? ಅಂದಮೇಲೆ ಇದು ಕಾಯಿಲೆ ಹೇಗಾಯಿತು, ಮನಸ್ಸು ಮಾಡಿದರೆ ಆಗದ್ದೇನಿದೆ? ಪ್ರತಿ ಊರಿನಲ್ಲೂ ಇದಕ್ಕೆ ಜೀವಂತ ಸಾಕ್ಷಿಗಳಿದ್ದಾರೆ, ತಳ್ಳಿಹಾಕುವಂತಿಲ್ಲ. ಮಾಲೆ ಹಾಕುವವರಲ್ಲಿ ಅನೇಕರ ಕುಡಿತ ಇನ್ನೂ ಕಾಯಿಲೆಯ ಹಂತ ಮುಟ್ಟಿರುವುದಿಲ್ಲ ಎಂಬುದು ಒಂದು ಉತ್ತರ. ಆದರೆ ಮುಟ್ಟಿದವರೂ ಕೆಲವರು ನಿಲ್ಲುತ್ತಾರೆ. ಆ 41 ದಿನ ಅವನ ಸುತ್ತ ಏನಿರುತ್ತದೆಂದು ನೋಡಬೇಕು. ನಸುಕಿನಲ್ಲಿ ತಣ್ಣೀರ ಸ್ನಾನ, ಸಂಜೆ ಭಜನೆ, ಜೊತೆಗೆ ಅದೇ ವ್ರತ ಹಿಡಿದ ಹತ್ತಾರು ಗೆಳೆಯರು. 'ಬಾರೋ ಒಂದು ಹಾಕೋಣ' ಎಂದು ಕರೆಯುವವರಿಲ್ಲ. ನಿನ್ನೆ ಅವನನ್ನು ಕಂಡು ಮುಖ ತಿರುಗಿಸುತ್ತಿದ್ದವರು ಇವತ್ತು 'ಸ್ವಾಮಿ' ಎಂದು ಕರೆಯುತ್ತಾರೆ; ಮನೆಯಲ್ಲಿ ಅವನಿಗೆ ಬೇರೆ ತಟ್ಟೆ, ಬೇರೆ ಚಾಪೆ, ಬೇರೆಯದೇ ಗೌರವ. ದಿನಚರಿ, ಸಂಗಾತಿಗಳು, ಮರ್ಯಾದೆ ಈ ಮೂರನ್ನೂ ಒಟ್ಟಿಗೆ ಕೊಡುವ ಚಿಕಿತ್ಸಾ ಕೇಂದ್ರ ರಾಜ್ಯದಲ್ಲಿ ಎಷ್ಟಿವೆ? ಮಾಲೆ ತೆಗೆದ ದಿನ ಮೂರೂ ಒಮ್ಮೆಗೇ ಕಳಚಿಬೀಳುತ್ತವೆ. ಅವನು ಮತ್ತೆ ಕುಡಿದನೆಂದರೆ ಇಚ್ಛಾಶಕ್ತಿ ಮಂಡಲ ಪೂಜೆಯ ಮರುದಿನ ಆವಿಯಾಯಿತೆಂದಲ್ಲ. ಅದನ್ನು ಎತ್ತಿ ಹಿಡಿದಿದ್ದ ಆಸರೆ ಹೋಯಿತೆಂದು. ಅಂದರೆ ಮಾಲೆಯ ಉದಾಹರಣೆ ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಆಸರೆ ಕೆಲಸ ಮಾಡುತ್ತದೆ, ಆದರೆ ಅದು 42ನೇ ದಿನವೂ ಇರಬೇಕು.

ಶ್ರೀಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳ ಬಗ್ಗೆಯೂ ಇದೇ ಮಾತು ಹೇಳಬಹುದು. ಸರ್ಕಾರಿ ವ್ಯವಸ್ಥೆ ಕಾಲಿಡದ ಹಳ್ಳಿಗಳಿಗೆ ಅವು ಹೋಗಿವೆ; ಕುಟುಂಬದವರನ್ನು ಕೂರಿಸಿಕೊಂಡು ಮಾತಾಡಿವೆ. ಅವುಗಳ ನಿಜವಾದ ಬಲ ಆ ಎಂಟು ದಿನಗಳಿಗಿಂತ ಆಮೇಲೆ ಸೇರುವ ನವಜೀವನ ಸಮಿತಿಗಳಲ್ಲಿದೆ ಎಂದು ನನ್ನ ಎಣಿಕೆ. ಶಿಬಿರದ ಸಮಾರೋಪದ ಫೋಟೊ ಪತ್ರಿಕೆಯಲ್ಲಿ ಬಂದಷ್ಟು ಸುಲಭವಾಗಿ ಸಮಿತಿಯ ಆರನೇ ತಿಂಗಳ ಸಭೆಯ ಫೋಟೊ ಬರುವುದಿಲ್ಲ. ಶಿಬಿರಕ್ಕೆ ಬರುವ ಮುನ್ನ ಮೂರ್ಛೆ-ಸನ್ನಿಯ ಅಪಾಯ ಇರುವವರನ್ನು ವೈದ್ಯರು ಜರಡಿ ಹಿಡಿಯುವುದು, ಮುಗಿದ ಮೇಲೆ ಅವರ ಹೆಸರು ಆರೋಗ್ಯ ಕೇಂದ್ರದ ಪುಸ್ತಕಕ್ಕೆ ಏರುವುದು ಎರಡೂ ಆಗಬೇಕು.

ಹಾಗಾದರೆ ಮದ್ಯವನ್ನೇ ನಿಷೇಧಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳ ಬೇಡಿಕೆ ಅದೇ ಆಗಿತ್ತು. ಆ ಬೇಡಿಕೆಯ ಹಿಂದಿನ ನೋವನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಬಿಹಾರದಲ್ಲಿ 2016ರ ನಿಷೇಧದ ನಂತರ ದಿನವೂ-ವಾರವೂ ಕುಡಿಯುವ ಗಂಡಸರ ಪ್ರಮಾಣ, ಹೆಂಡತಿಯ ಮೇಲಿನ ಹಲ್ಲೆ ಎರಡೂ ತಗ್ಗಿದವೆಂದು 2024ರಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೇಳಿದೆ. ನಿಷೇಧದಿಂದ ಏನೂ ಆಗದು ಎಂದು ವಾದಿಸುವವರು ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ಬಿಹಾರದಲ್ಲಿ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಿಷೇಧದ ನಡುವೆಯೂ ಶೇ 15.5ರಷ್ಟು ಗಂಡಸರು ಕುಡಿಯುತ್ತಿದ್ದರು. ಅಂಗಡಿ ತೆರೆದೇ ಇದ್ದ ಕರ್ನಾಟಕದಲ್ಲಿ ಈ ಪ್ರಮಾಣ ಶೇ 16.5. ನಮ್ಮದೇ ಅನುಭವವೂ ಇದೆ. 2007ರ ಬಜೆಟ್ಟಿನಲ್ಲಿ ಸಾರಾಯಿ ನಿಷೇಧವನ್ನು ಸಾರಿದವರು ಆಗಿನ ಹಣಕಾಸು ಸಚಿವ ಬಿ.ಎಸ್. ಯಡಿಯೂರಪ್ಪ; ಆಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಆ ವರ್ಷ ಜುಲೈ 1ರಿಂದ ಪಾಕೆಟ್ ಸಾರಾಯಿ ಹೋಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ-ಬ್ರಾಂಡಿ ಬಂತು, ಇನ್ನೊಂದು ಕಡೆಯಿಂದ ಕಳ್ಳಬಟ್ಟಿಯೂ ನುಸುಳಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು-ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧ ಬೇಕೇ ಬೇಡವೇ ಎಂಬುದು ರಾಜಕೀಯ ತೀರ್ಮಾನ. ಅದರ ಪರ-ವಿರೋಧ ಎರಡಕ್ಕೂ ಪುರಾವೆಯಿದೆ. ಆದರೆ ನಿಷೇಧ ಬಂದ ಮೊದಲ ವಾರವೇ ಮೂರ್ಛೆ ಬೀಳುವವನಿಗೆ ಹಾಸಿಗೆ ಬೇಕು, ಬಾರದಿದ್ದರೂ ಬೇಕು. ಚಿಕಿತ್ಸೆಯನ್ನು ನಿಷೇಧದ ಚರ್ಚೆ ಮುಗಿಯುವವರೆಗೆ ಕಾಯಿಸಲಾಗದು.

ಇನ್ನೊಂದು ಆಕ್ಷೇಪ ಹೆಚ್ಚು ಕಷ್ಟದ್ದು, ಅದನ್ನು ಎತ್ತುವವರು ಹೆಚ್ಚಾಗಿ ಹೆಂಗಸರು. ಕಾಯಿಲೆ ಎಂದುಬಿಟ್ಟರೆ ಗಂಡಸಿಗೆ ನೆಪ ಸಿಕ್ಕಂತಾಗದೇ? ಕೂಲಿ ದುಡ್ಡು ಬಾರಿಗೆ ಸುರಿದದ್ದು, ತಾಳಿ ಅಡವಿಟ್ಟದ್ದು, ಹೊಡೆದದ್ದು ಎಲ್ಲವೂ 'ಪಾಪ, ರೋಗಿ' ಎಂಬ ಮಾತಿನಡಿ ಮುಚ್ಚಿಹೋಗದೇ? ಹೋಗಬಾರದು. ಬೇಕೆಂದೇ ಕುಡಿದು ಮಾಡಿದ ಅಪರಾಧಕ್ಕೆ ಅಮಲು ರಕ್ಷಣೆಯಲ್ಲ ಎಂಬುದು ನಮ್ಮ ಕಾನೂನಿನ ಹಳೆಯ ನಿಲುವು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆದವನ ಕಾಯಿಲೆ ಕೇಳುವುದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ, ನಾನು ಮುಂದೆ ವಿವರಿಸುವ ಪ್ರಯೋಗದಲ್ಲಿ ಕುಡಿತ ಕಡಿಮೆಯಾದರೂ ಹೆಂಡತಿಯ ಮೇಲಿನ ಹಿಂಸೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಹಾಗಾಗಿ ಚಿಕಿತ್ಸೆ ಕೊಟ್ಟರೆ ಮನೆ ತಣ್ಣಗಾಗುತ್ತದೆಂಬ ಭರವಸೆಯನ್ನು ಯಾರೂ ಮಾರಬಾರದು. ಹೊಡೆತಕ್ಕೆ ಪೊಲೀಸರು, ಕುಡಿತಕ್ಕೆ ವೈದ್ಯರು; ಒಂದಕ್ಕೆ ಇನ್ನೊಂದು ಬದಲಿಯಲ್ಲ. ಮಧುಮೇಹ ಕಾಯಿಲೆ ಎಂದು ಒಪ್ಪಿದ ಮಾತ್ರಕ್ಕೆ ಮಾತ್ರೆ ನುಂಗುವ, ಸಿಹಿ ಬಿಡುವ ಹೊಣೆ ರೋಗಿಯ ಮೇಲಿಂದ ಇಳಿಯಿತೇ? ಹೊಣೆ ಇನ್ನೂ ಖಚಿತವಾಯಿತು. ಕುಡಿತದ ವಿಷಯದಲ್ಲೂ 'ಕುಡಿಯಬೇಡ' ಎಂಬ ಉಪದೇಶಕ್ಕಿಂತ 'ಮುಂದಿನ ವಾರ ಬಾ' ಎಂಬ ಮಾತು ಅವನಿಂದ ಹೆಚ್ಚನ್ನು ಕೇಳುತ್ತದೆ.

ಗಾಂಜಾ, ಮಾತ್ರೆ, ಅಫೀಮಿನ ಬಗೆಗಳು ಬೇರೆಯ ಕಥೆ. ಆದರೂ ಒಂದು ಮಾತು. ಡ್ರಗ್ಸ್ ದಾಳಿಯ ಸುದ್ದಿಗೆ ಸಿಗುವ ಅಬ್ಬರ ಮದ್ಯಕ್ಕೆ ಸಿಗುವುದಿಲ್ಲ. ಅದೇ 2019ರ ಏಮ್ಸ್ ಸಮೀಕ್ಷೆಯಲ್ಲಿ ಗಾಂಜಾ-ಭಂಗಿ ಬಳಸುವವರು ಸುಮಾರು 3.1 ಕೋಟಿ, ಮದ್ಯ ಬಳಸುವವರು ಅದರ ಐದು ಪಟ್ಟು. 1985ರ ಮಾದಕ ವಸ್ತು ಕಾಯ್ದೆಯೇ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ ಕಲಮನ್ನು ಇಟ್ಟುಕೊಂಡಿದೆ. ಕಠಿಣ ಕಾನೂನಿಗೂ ರೋಗಿ ಕಂಡಿದ್ದಾನೆ ಎಂದಾಯಿತು.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಸ್ಪಷ್ಟ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಅದು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಬರೆದಿದೆ. ಕಾಗದದ ಮೇಲೆ ಪಾಲಹಳ್ಳಿಯ ಕೂಲಿಯವನಿಗೂ ಈ ಹಕ್ಕಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮ ಕರ್ನಾಟಕದ್ದೇ ಒಳ್ಳೆಯ ಯೋಚನೆ. ಮಂಡ್ಯದ ವೈದ್ಯಕೀಯ ಕಾಲೇಜು (ಮಿಮ್ಸ್), ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಪಕ್ಕದ ಮೈಸೂರಿನ ಕೆ.ಆರ್. ಆಸ್ಪತ್ರೆ ಎಲ್ಲ ಇವೆ. ಪಾಲಹಳ್ಳಿಯವನಿಗೆ ಮೈಸೂರು ಹತ್ತಿರ. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯ ಹಳ್ಳಿಯವನಿಗೆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ ಹೋಯಿತು. ಮೊದಲ ವಾರದ ಚಿಕಿತ್ಸೆಗೆ ದೊಡ್ಡಾಸ್ಪತ್ರೆ ಬೇಕಾಗಬಹುದು. ಆಮೇಲಿನ ಎರಡು ವರ್ಷಕ್ಕೆ ಬೇಕಾದದ್ದು ಊರ ಹತ್ತಿರದ ಒಬ್ಬ ಮನುಷ್ಯ.

ಆ ಒಬ್ಬ ಮನುಷ್ಯ ಮನೋವೈದ್ಯನೇ ಆಗಬೇಕಿಲ್ಲ ಎಂಬುದಕ್ಕೆ ಗೋವಾ ಪುರಾವೆ ಕೊಟ್ಟಿದೆ. ಅಲ್ಲಿ ಸಂಗತ್ ಸಂಸ್ಥೆಯವರು ವೈದ್ಯಕೀಯ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಲ್ಲಿ ಹಾನಿಕರವಾಗಿ ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಬಾರಿ ಮಾತುಕತೆ ನಡೆಸಿದರು. 377 ಮಂದಿಯ ಈ ಪರೀಕ್ಷೆಯ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಮೂರು ತಿಂಗಳ ನಂತರ ಕೇಳಿದಾಗ ಹಿಂದಿನ ಎರಡು ವಾರ ಕುಡಿಯದೆ ಇದ್ದವರು ಮಾತುಕತೆ ಪಡೆದವರಲ್ಲಿ ಶೇ 42, ಮಾಮೂಲಿ ಉಪಚಾರ ಪಡೆದವರಲ್ಲಿ ಶೇ 18. ಅರ್ಧಕ್ಕಿಂತ ಹೆಚ್ಚು ಜನ ಬಿಡಲಿಲ್ಲ ಎನ್ನುವುದೂ ನಿಜ. ಪವಾಡ ಬಯಸುವವರಿಗೆ ಇದು ನಿರಾಸೆ. ಆದರೆ ಯಾವ ಆಣೆ-ಪ್ರಮಾಣವೂ ಇಂಥ ಲೆಕ್ಕವನ್ನು ಮುಂದಿಟ್ಟಿಲ್ಲ. ಇದಕ್ಕೆ ಹಣವೂ ಇದೆ: 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿಯಾಗಿತ್ತು. ಅದರಲ್ಲಿ ನೂರಕ್ಕೆ ಒಂದು ಪಾಲೆಂದರೂ 400 ಕೋಟಿ. ಬಾಟಲಿಯಿಂದ ಬಂದ ಹಣದ ಇಷ್ಟು ಭಾಗವನ್ನಾದರೂ ಬಾಟಲಿಗೆ ಸಿಕ್ಕಿಬಿದ್ದವನಿಗೆ ಮರಳಿಸಿ ಎಂದು ಕೇಳುವುದು ಅತಿಯಾಸೆಯಲ್ಲ.

ಹೊಸ ಕಟ್ಟಡ, ಹೊಸ ಯೋಜನೆ, ಹೊಸ ಹೆಸರು ಯಾವುದೂ ಇದಕ್ಕೆ ಬೇಕಿಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರ ಬಿಪಿ-ಶುಗರ್ ಅಪಾಯ ಅಳೆಯಲು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ 'ದಿನಾ ಮದ್ಯ ಸೇವಿಸುತ್ತೀರಾ' ಎಂಬ ಪ್ರಶ್ನೆ ಈಗಾಗಲೇ ಇದೆ. ಉತ್ತರ ಒಂದು ಅಂಕವಾಗಿ ಬೇರೆ ಅಂಕಗಳೊಡನೆ ಕೂಡಿಹೋಗುತ್ತದೆ. ಆ 'ಹೌದು' ಎಂಬ ಉತ್ತರದಿಂದ ಆಪ್ತಸಮಾಲೋಚಕರ ಕೋಣೆಗೆ ನೇರ ದಾರಿ ಮಾಡಬೇಕು. ಆರೋಗ್ಯ ಕೇಂದ್ರದಲ್ಲಿ ಥಯಾಮಿನ್ ಮತ್ತು ನಡುಕ-ಮೂರ್ಛೆ ತಡೆಯುವ ಮಾತ್ರೆ ಮುಗಿಯದಂತೆ ನೋಡಬೇಕು. ಸಮಾಲೋಚಕರು ವಾರಕ್ಕೆ ಎರಡು ದಿನವಾದರೂ ಸಂಜೆ ಕೂರಬೇಕು, ಏಕೆಂದರೆ ಕಬ್ಬು ಕಡಿಯುವವನು, ಆಲೆಮನೆಯಲ್ಲಿ ದುಡಿಯುವವನು ಹಗಲು ಬರಲಾರ. ಮತ್ತೆ ಕುಡಿದು ಬಂದವನನ್ನು ಬೈದು ಕಳಿಸದೆ ಹಳೆಯ ಚೀಟಿಯಲ್ಲೇ ಮುಂದಿನ ದಿನಾಂಕ ಬರೆಯಬೇಕು. ಬಾಗಿಲಿಗೆ ಮೊದಲು ಬರುವವನು ಬಹುಶಃ ಅವನಾಗಿರುವುದಿಲ್ಲ. ಅವನ ಹೆಂಡತಿಯೋ ತಾಯಿಯೋ ಬಂದು, ಅವನು ಬರಲೊಪ್ಪುವುದಿಲ್ಲ, ಏನು ಮಾಡಲಿ ಎಂದು ಕೇಳುತ್ತಾಳೆ. 'ಅವನನ್ನೇ ಕರೆದುಕೊಂಡು ಬಾರಮ್ಮ' ಎಂದು ಹಿಂದಕ್ಕೆ ಕಳಿಸುವ ಬದಲು ಆ ದಿನವೇ ಆಕೆಯ ಹೆಸರಿನಲ್ಲಿ ಚೀಟಿ ಮಾಡಿ, ಆಕೆಯ ನಿದ್ದೆ, ಆಕೆಯ ಭಯ, ಮನೆಯ ಸಾಲ, ಮೈಮೇಲಿನ ಗಾಯ ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು.